ಹೆಜ್ಜೆ ಕಲಿಯುವ ಹಿರಿಯರು

ಚೆನ್ನೈನ ಮೈಲಾಪುರ, ನಂಗನಲ್ಲೂರು ಕಡೆಯ ಸಂಪ್ರದಾಯ ಭಜನೆಗಳಲ್ಲಿ ದಿವ್ಯನಾಮದ ಸರದಿ ಬಂತೆಂದರೆ ನಡುವೆ ದೀಪವಿಟ್ಟು ಸುತ್ತ ಹಾಡುತ್ತಾ ಕುಣಿಯುತ್ತಾರೆ. ನವರಾತ್ರಿ, ಪೊಂಗಲ್ ಬಂದರೆ ಚಪ್ಪಾಳೆ ತಟ್ಟಿ ಕುಣಿಯುವ ಕುಮ್ಮಿ, ಕೋಲು ಹಿಡಿದು ಕುಣಿಯುವ ಕೋಲಾಟ್ಟಂ. ವಯಸ್ಸಾದವರು ಗುಂಪಿನಲ್ಲಿ ಹೆಜ್ಜೆ ಹಾಕುವುದು ಈ ಊರಿಗೆ ಹೊಸದಲ್ಲ. ಅದರಿಂದ ನೆನಪಿಗೂ ಮನಸ್ಸಿಗೂ ಏನಾಗುತ್ತದೆಂದು ಅಳೆದು ನೋಡುವ ಕೆಲಸ ಮಾತ್ರ ಈಚಿನದು.

ನೃತ್ಯವನ್ನು ಆಸ್ಪತ್ರೆಯೊಳಗೆ ತಂದವರಲ್ಲಿ ಮೊದಲಿಗರು ಅಮೆರಿಕದ ಮರಿಯನ್ ಚೇಸ್. 1942ರಲ್ಲಿ ಅವರು ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಮನೋರೋಗ ಆಸ್ಪತ್ರೆಯಲ್ಲಿ ಕೆಲಸ ಶುರುಮಾಡಿದರು. ನಮ್ಮ ಕಡೆ ಈ ದಾರಿಯ ಒಂದು ಕವಲು ರುಕ್ಮಿಣಿದೇವಿ ಅರುಂಡೇಲ್ 1936ರಲ್ಲಿ ಕಟ್ಟಿದ ಕಲಾಕ್ಷೇತ್ರದಿಂದ ಹೊರಡುತ್ತದೆ. ಅಲ್ಲಿ ಭರತನಾಟ್ಯ ಕಲಿತ ತ್ರಿಪುರ ಕಶ್ಯಪ್ ಅಮೆರಿಕದಲ್ಲಿ ನೃತ್ಯಚಿಕಿತ್ಸೆಯ ತರಬೇತಿ ಪಡೆದು ಬೆಂಗಳೂರಿನಲ್ಲಿ ಅದನ್ನು ಬೆಳೆಸಿದರು. ಚೆನ್ನೈನಲ್ಲೇ ಅಂಬಿಕಾ ಕಾಮೇಶ್ವರ್ 1989ರಲ್ಲಿ 'ರಾಸ' ಸಂಸ್ಥೆ ಆರಂಭಿಸಿ, ವಿಶೇಷ ಅಗತ್ಯವುಳ್ಳವರಿಗೆ ನೃತ್ಯ, ನಾಟಕಗಳ ಮೂಲಕ ಕಲಿಸತೊಡಗಿದರು.

ವೈದ್ಯರ ದಾರಿ ಬೇರೆಯೇ ಇತ್ತು. ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1978ರಲ್ಲಿ ಡಾ. ವಿ.ಎಸ್. ನಟರಾಜನ್ ಹಿರಿಯರಿಗೆಂದೇ ಹೊರರೋಗಿ ವಿಭಾಗ ತೆರೆದರು. ದೇಶದಲ್ಲಿ ಮುಪ್ಪಿನ ವೈದ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕರು ಅವರೇ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ರೋಗಿಗಳಲ್ಲಿ ಶೇ. 66ರಷ್ಟು ಜನ ಇರುವ ಅಭಿವೃದ್ಧಿಶೀಲ ದೇಶಗಳ ಪಾಲಿಗೆ ಸಂಶೋಧನೆಯ ಶೇ. 10ರಷ್ಟೂ ಸಿಗುತ್ತಿಲ್ಲವೆಂದು 1998ರಲ್ಲಿ ಹುಟ್ಟಿದ '10/66' ಸಂಶೋಧನಾ ಬಳಗ ಮುಂದೆ ಚೆನ್ನೈನಲ್ಲೂ ಮನೆಮನೆ ಸಮೀಕ್ಷೆ ನಡೆಸಿತು. 2023ರಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಕುಣಿತ ಮತ್ತು ನೆನಪನ್ನು ಒಟ್ಟಿಗೆ ತಂದದ್ದು 2003ರ ಒಂದು ವರದಿ. ಜೋ ವರ್ಗೀಸ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರ ಹವ್ಯಾಸಗಳನ್ನು ದಾಖಲಿಸಿಕೊಂಡು, ವರ್ಷಗಟ್ಟಲೆ ಅವರ ಬೆನ್ನು ಹತ್ತಿದರು. ದೈಹಿಕ ಚಟುವಟಿಕೆಗಳಲ್ಲಿ ಡಿಮೆನ್ಷಿಯಾದ ಕಡಿಮೆ ಅಪಾಯದೊಂದಿಗೆ ನಂಟು ಕಂಡದ್ದು ನೃತ್ಯಕ್ಕೆ ಮಾತ್ರ. ಕುಣಿದದ್ದರಿಂದ ಮರೆವು ತಪ್ಪಿತೋ, ಮರೆವಿಲ್ಲದವರೇ ಕುಣಿಯುತ್ತಿದ್ದರೋ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ. 2017ರಲ್ಲಿ ಜರ್ಮನಿಯ ಮಗ್ಡೆಬರ್ಗ್‌ನ ತಂಡ ಇನ್ನಷ್ಟು ಆಳಕ್ಕಿಳಿಯಿತು. ಹಿರಿಯರ ಒಂದು ಗುಂಪು 18 ತಿಂಗಳು ಮಾಮೂಲಿ ವ್ಯಾಯಾಮ ಮಾಡಿತು, ಇನ್ನೊಂದು ನೃತ್ಯ ಕಲಿಯಿತು. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎರಡೂ ಗುಂಪಿನಲ್ಲಿ ಹಿಗ್ಗಿತು. ದೇಹದ ಸಮತೋಲ ಸುಧಾರಿಸಿದ್ದು ಕುಣಿದವರಿಗೆ ಮಾತ್ರ. ಆ ನೃತ್ಯಗಾರರಿಗೆ ಎರಡು ವಾರಕ್ಕೊಮ್ಮೆ ಹೆಜ್ಜೆ, ಕೈಚಲನೆ, ಸಾಲು ಬದಲಾಗುತ್ತಿತ್ತು. ಇಡೀ ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ವಿವರವೇ.

ಇದನ್ನೆಲ್ಲ ಓದಿ ಹಿಗ್ಗುವವರು, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಬಳಗದ ವಿಮರ್ಶೆಯನ್ನೂ ನೋಡಬೇಕು. ಡಿಮೆನ್ಷಿಯಾ ಆದವರಿಗೆ ನೃತ್ಯಚಿಕಿತ್ಸೆಯ ಫಲವೇನೆಂದು 2017ರಲ್ಲಿ ಹುಡುಕಿದಾಗ ಅವರ ಮಟ್ಟಕ್ಕೆ ನಿಲ್ಲುವ ಒಂದು ಪ್ರಯೋಗವೂ ಸಿಗಲಿಲ್ಲ. ಆಮೇಲೆ ಹಾಂಗ್‌ಕಾಂಗ್‌ನಲ್ಲಿ ಅಂಥ 204 ಜನರ ಮೇಲೆ ನಡೆದ ನೃತ್ಯಚಿಕಿತ್ಸೆಯ ಪ್ರಯೋಗದಲ್ಲಿ ಖಿನ್ನತೆ ಮತ್ತು ಒಂಟಿತನ ತಗ್ಗಿದ್ದು ಕಂಡುಬಂತು. ಹಾಗಾಗಿ ಮರೆವು ವಾಸಿಯಾಗುತ್ತದೆಂದು ಯಾರೂ ಮಾತು ಕೊಡಬಾರದು. ಮನಸ್ಸು ಹಗುರಾಗುತ್ತದೆಂಬುದಕ್ಕಾದರೆ ಒಂದಿಷ್ಟು ಆಧಾರ ಸಿಕ್ಕಿದೆ, ಮತ್ತು ಅದೇನೂ ಸಣ್ಣ ಲಾಭವಲ್ಲ.

ಚೆನ್ನೈನಲ್ಲಿ ಇಂಥ ಪ್ರಯೋಗಕ್ಕೆ ನೆಲ ಹದವಾಗಿದೆ. ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಸ್ಕಾರ್ಫ್‌ನ ಶ್ರೀಧರ್ ವೈದ್ಯೇಶ್ವರನ್ ಮತ್ತು ಸಂಗಡಿಗರು ಡಿಮೆನ್ಷಿಯಾ ಇರುವವರಿಗಾಗಿ ಬ್ರಿಟನ್‌ನಲ್ಲಿ ರೂಪುಗೊಂಡ, 14 ಬೈಠಕ್‌ಗಳ ಗುಂಪು ಚಟುವಟಿಕೆಯನ್ನು ಇಲ್ಲಿನವರಿಗೆ ಒಗ್ಗುವಂತೆ ಮಾರ್ಪಡಿಸಿ, ಅದರ ಪ್ರಾಯೋಗಿಕ ಫಲವನ್ನು 2017ರಲ್ಲಿ ಪ್ರಕಟಿಸಿದರು. ಹಾಡು, ಆಟ, ಮಾತುಕತೆ ಇರುವ ಆ ಕ್ರಮಕ್ಕೆ ಕುಣಿತ ಸೇರಿಸುವುದು ದೂರದ ಮಾತಲ್ಲ.

ಸೇರಿಸುವುದಾದರೆ ನನ್ನ ಆಯ್ಕೆ ಜಡೆ ಕೋಲಾಟ. ತಮಿಳರು ಪಿನ್ನಲ್ ಕೋಲಾಟ್ಟಂ ಎನ್ನುವುದು ಇದನ್ನೇ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿ ಒಂದು ಕೈಯಲ್ಲಿ, ಕೋಲು ಇನ್ನೊಂದರಲ್ಲಿ. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ ಸುತ್ತುತ್ತಾ ಎದುರಾದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟಿದಂತೆ ಮೇಲೆ ಜಡೆ ಹೆಣೆಯುತ್ತದೆ. ಬಿಚ್ಚಲು ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಬೇಕು. ತಾಳ, ದಿಕ್ಕು, ಎದುರಿಗಿರುವವರ ಚಲನೆ ಎಲ್ಲದರ ಮೇಲೂ ಗಮನವಿರಬೇಕು. ಒಬ್ಬರು ತಪ್ಪಿದರೆ ಜಡೆ ಅಲ್ಲೇ ಸಿಕ್ಕಾಗುತ್ತದೆ. ಗೊತ್ತಿರುವ ಕುಣಿತವನ್ನೇ ಮತ್ತೆ ಮತ್ತೆ ಕುಣಿಯುವುದರಲ್ಲಿ ಸುಖವಿದೆ, ಆದರೆ ಮಿದುಳಿಗೆ ದುಡಿಮೆ ಕೊಡುವುದು ಹೊಸ ಹೆಣಿಗೆ.

ಮಂಡಿನೋವು, ತಲೆಸುತ್ತು ಇರುವವರಿಗೆ ಹಗ್ಗ ಬೇಡ. ಕುರ್ಚಿಯಲ್ಲಿ ಕೂತು ಜೋಡಿಯೊಂದಿಗೆ ಕೋಲು ತಟ್ಟುವ ವರಸೆಗಳಿಂದ ಆರಂಭಿಸಬಹುದು. ನೆಲ ಜಾರಬಾರದು, ಜಿಗಿತ ಇರಬಾರದು, ಶ್ರವಣಯಂತ್ರ ಹಾಕಿದವರಿಗೆ ಸ್ಪೀಕರ್ ಅಬ್ಬರ ಆಗಬಾರದು. ಇಂಥದೊಂದು ಗುಂಪನ್ನು ವಾರಕ್ಕೆ ಎರಡು ದಿನದಂತೆ ಆರು ತಿಂಗಳು ನಡೆಸಿ, ಪಕ್ಕದಲ್ಲಿ ಬರೀ ವಾಕಿಂಗ್ ಮಾಡುವ ಇನ್ನೊಂದು ಗುಂಪನ್ನಿಟ್ಟು, ನೆನಪು, ಸಮತೋಲ, ಖಿನ್ನತೆ ಮೂರನ್ನೂ ಅಳೆಯಬೇಕು. ಕುಣಿಸಲು ಬಲ್ಲ ಕಲಾವಿದರೂ ಅಳೆಯಲು ಬಲ್ಲ ವೈದ್ಯರೂ ಚೆನ್ನೈನಲ್ಲಿದ್ದಾರೆ.