ಬಾಣಂತಿಯೂ ಸರ್ಕಾರದ ಯೋಜನೆಗಳೂ: ಶಿಕಾರಿಪುರ–ಸೊರಬ ಸೀಮೆಯಿಂದ ಒಂದು ಸಮೀಕ್ಷೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವು ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಒದಗಿಸುತ್ತಿದ್ದಿತೆಂದು 1162ರ ಶಾಸನವು ವರ್ಣಿಸಿರುವುದು ಈ ಸೀಮೆಯವರು ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಆದರೆ ಪ್ರಸವವೆಂಬುದು ಅಲ್ಲಿಂದ ಎಂಟು ಶತಮಾನಗಳು ಕಳೆದ ಮೇಲೂ ಮನೆಯ ಒಳಕೋಣೆಯ ವ್ಯವಹಾರವಾಗಿ, ಸೂಲಗಿತ್ತಿಯ ಕೈಗುಣಕ್ಕೂ ದೈವಕೃಪೆಗೂ ಬಿಟ್ಟ ವಿಷಯವಾಗಿಯೇ ಉಳಿದಿದ್ದಿತು. ಬಾಣಂತಿಯ ಮರಣವು ರಾಜ್ಯವು ತಡೆಯಬಲ್ಲ, ತಡೆಯಲೇಬೇಕಾದ ಅನಿಷ್ಟವೆಂಬ ಭಾವನೆ ಹುಟ್ಟಿದ್ದು ತೀರ ಈಚೆಗೆ.

ಮೈಸೂರು ಸಂಸ್ಥಾನವು ಈ ದಾರಿಯಲ್ಲಿ ಹಲವರಿಗಿಂತ ಮೊದಲೇ ಹೊರಟಿತು. 1930ರಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರವೇ ತೆರೆಯಿತು. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ಸ್ಥಾಪಿತವಾಯಿತು. ಆದರೆ ಈ ಬೆಳಕು ರಾಜಧಾನಿಗಳ ಸುತ್ತಣದು. ಸೊರಬದ ಕಾಡಂಚಿನ ಹಳ್ಳಿಗಳಲ್ಲಿ ಬಸುರಿಯ ಶತ್ರು ಮೊದಲು ಮಲೇರಿಯವಾಗಿದ್ದಿತು. ಚಳಿಜ್ವರದಿಂದ ರಕ್ತ ಬತ್ತಿದವಳಿಗೆ ಹೆರಿಗೆಯ ಅಲ್ಪ ಸ್ರಾವವೂ ಮಾರಕವಾಗುತ್ತಿದ್ದಿತು. 1953ರ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ತಾಯಂದಿರ ಹೆಸರಿನಲ್ಲಿ ಹೊರಡದಿದ್ದರೂ, ಅವರಿಗೆ ಅದರಿಂದಾದ ಉಪಕಾರವು ಅವರ ಹೆಸರಿನಲ್ಲೇ ಹೊರಟ ಕೆಲವು ಯೋಜನೆಗಳದಕ್ಕಿಂತ ಹೆಚ್ಚೆಂದು ನನ್ನ ಎಣಿಕೆ.

ರಾಷ್ಟ್ರಮಟ್ಟದ ಚಿಂತನೆಗೆ ಅಸ್ತಿಭಾರವಾದದ್ದು 1946ರ ಭೋರ್ ಸಮಿತಿಯ ವರದಿ. ಹುಟ್ಟಿದ ಸಾವಿರ ಶಿಶುಗಳಲ್ಲಿ 162 ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದುವೆಂದೂ, ವರ್ಷಕ್ಕೆ ಎರಡು ಲಕ್ಷದಷ್ಟು ಸ್ತ್ರೀಯರು ಪ್ರಸವಸಂಬಂಧದಿಂದ ಮಡಿಯುತ್ತಿದ್ದರೆಂದೂ ಅದು ಅಂದಾಜು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜಾಲವನ್ನು ಸೂಚಿಸಿತು. ಜಾಲವೇನೋ ಹರಡಿತು, ಆದರೆ 1952ರಲ್ಲಿ ಆರಂಭವಾದ ಕುಟುಂಬ ಯೋಜನೆಯು ಬರಬರುತ್ತ ಗುರಿಸಂಖ್ಯೆಗಳ ಬೆನ್ನುಹತ್ತಿ ಹೋಗಿ, ದಾದಿಯ ವೇಳೆಯನ್ನೆಲ್ಲ ನುಂಗಿತು. ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ವಿಜ್ಞಾನಿಗಳು ಧಾವಿಸಿ ಬಂದರು, ರೋಗಕ್ಕೆ ಊರಿನ ಹೆಸರೂ ಬಂದಿತು. ಬಾಣಂತಿ ಸನ್ನಿಯಿಂದ ಸತ್ತವಳಿಗಾಗಿ ಅಂತಹ ದಂಡು ಬಂದುದಿಲ್ಲ. ಹೊಸ ರೋಗಕ್ಕಿರುವ ಮರ್ಯಾದೆ ಹಳೆಯ ಸಾವಿಗಿಲ್ಲ.

ಆ ಬಳಿಕ 1975ರ ಅಂಗನವಾಡಿಯೂ 1985ರ ಸಾರ್ವತ್ರಿಕ ಲಸಿಕೆಯೂ ಮಗುವನ್ನು ಬದುಕಿಸಿದುವು. ತಾಯಿ–ಮಗುವಿನ ಆರೋಗ್ಯವೆಂಬ ಜೋಡಿಮಾತಿನಲ್ಲಿ ತಾಯಿ ಎಲ್ಲಿ ಎಂದು ರೋಸೆನ್‌ಫೀಲ್ಡ್ ಮತ್ತು ಮೇಯ್ನ್ ಎಂಬಿಬ್ಬರು ಸಾರ್ವಜನಿಕ ಆರೋಗ್ಯ ತಜ್ಞರು ಕೇಳಿದ್ದೂ 1985ರಲ್ಲಿಯೇ. ತಾಯಂದಿರ ಸುರಕ್ಷತೆಗಾಗಿ ನಡೆದ 1987ರ ನೈರೋಬಿ ಸಮ್ಮೇಳನ, 1992ರ ಸುರಕ್ಷಿತ ಮಾತೃತ್ವ ಕಾರ್ಯಕ್ರಮ, 2005ರ ಗ್ರಾಮೀಣ ಆರೋಗ್ಯ ಅಭಿಯಾನ, ಅದರೊಡನೆ ಬಂದ ಆಶಾ ಕಾರ್ಯಕರ್ತೆಯರು ಮತ್ತು ಆಸ್ಪತ್ರೆಯ ಹೆರಿಗೆಗೆ ಹಣ ನೀಡುವ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಕರ್ನಾಟಕದ ರಸ್ತೆಗಿಳಿದ 108 ತುರ್ತು ವಾಹನ ಇವೆಲ್ಲ ಆ ಪ್ರಶ್ನೆಗೆ ತಡವಾಗಿ ದೊರೆತ ಉತ್ತರಗಳು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228ರಷ್ಟಿದ್ದ ತಾಯಿಮರಣವು 2018–20ಕ್ಕೆ 69ಕ್ಕಿಳಿಯಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೂ ಕೇರಳದ ಸಂಖ್ಯೆ ಅದೇ ಅವಧಿಯಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಕೊನೆಯ ಸ್ಥಾನ.

ಕೊರತೆ ಎಲ್ಲಿದೆಯೆಂಬುದನ್ನು ಬಸುರಿಯ ತಪಾಸಣೆಗಳನ್ನು ದಾಖಲಿಸುವ ತಾಯಿ ಕಾರ್ಡೇ ಹೇಳುತ್ತದೆ. ನಾಟಿಯ ಗದ್ದೆಯಿಂದ ಬಂದ ಬಸುರಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 8 ಗ್ರಾಂ ಮಾತ್ರವೆಂದು ಅದರಲ್ಲಿ ಬರೆದಿರುತ್ತದೆ. ಕೊಟ್ಟ ಕಬ್ಬಿಣದ ಮಾತ್ರೆ, ಹೊಟ್ಟೆ ತೊಳಸುತ್ತದೆಂದೋ ಮಗು ಕಪ್ಪಾಗುತ್ತದೆಂದೋ ಗೂಡಿನಲ್ಲಿ ಉಳಿದಿರುತ್ತದೆ. ರಕ್ತಹೀನತೆಯ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. ಅರ್ಧ ಶತಮಾನದ ತರುವಾಯ, 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ ಗರ್ಭಿಣಿಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ರಕ್ತಹೀನರು. ಅದೇ ಸಮೀಕ್ಷೆಯಂತೆ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ಎಂದರೆ ಮನೆಬಿಡಿಸುವ ಕೆಲಸ ಮುಗಿದಿದೆ. ಉಳಿದಿರುವುದು ಆಸ್ಪತ್ರೆಯೊಳಗಣ ಕೆಲಸ. ಹೆರಿಗೆಯ ನಂತರದ ಅತಿಸ್ರಾವವು ಎರಡು ಗಂಟೆಗಳೊಳಗೆ ಪ್ರಾಣ ತೆಗೆಯಬಲ್ಲುದು. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 50 ಕಿಲೋಮೀಟರು, ಸೊರಬದಿಂದ ಇನ್ನೂ ದೂರ. ಆದುದರಿಂದ ಮುಂದಿನ ಯೋಜನೆಯಲ್ಲಿ ಹೊಸ ಹೆಸರಿನ ಇನ್ನೊಂದು ಬಾಣಂತಿ ಕಿಟ್ಟಿಗಿಂತ ಮೊದಲು, ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಗೆ ಪ್ರಸೂತಿತಜ್ಞರೂ ಅರಿವಳಿಕೆ ತಜ್ಞರೂ ಹೊಂದಿಕೆಯಾಗುವ ರಕ್ತವೂ ತಪ್ಪದೆ ಇರಬೇಕೆಂದು ಈ ಎರಡು ತಾಲ್ಲೂಕುಗಳ ಜನ ತಮ್ಮ ಪ್ರತಿನಿಧಿಗಳನ್ನು ಕೇಳತಕ್ಕದ್ದು.