ಅಪ್ಪಣೆ ಯಾರದು? ಶಹಾಪುರ ಸೀಮೆಯಲ್ಲಿ ಮನರಂಜನೆ, ಸದ್ದು ಮತ್ತು ಸಾಕುಪ್ರಾಣಿಗಳ ನಿಯಮಗಳು

ಶಹಾಪುರದಲ್ಲಿ ಬಯಲಾಟ ಆಡಿಸುವವರು, ಮೆರವಣಿಗೆಗೆ ಮೈಕ್ ಕಟ್ಟುವವರು ಪರವಾನಗಿಗಾಗಿ ಹೋಗುವುದು ಪೊಲೀಸ್ ಠಾಣೆಗೆ. ದಾರಿಗೆ ಅಡ್ಡ ನಿಂತ ಬಿಡಾಡಿ ದನ, ಬೀದಿನಾಯಿಗಳ ದೂರು ಹೋಗುವುದು ನಗರಸಭೆಗೆ. ಜನ ಇದನ್ನು ಸಹಜವೆಂದೇ ಒಪ್ಪಿಕೊಂಡಿದ್ದಾರೆ. ಆದರೆ ಈ ಹಂಚಿಕೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಊರಿನ ಆಟಪಾಟ ಮತ್ತು ಸದ್ದಿನ ಮೇಲಿನ ಅಧಿಕಾರ ಊರಿನ ಚುನಾಯಿತ ಸಭೆಗೆ ಎಂದೂ ಪೂರ್ತಿಯಾಗಿ ಬಂದಿಲ್ಲ ಎಂಬುದೇ ಈ ಲೇಖನದ ವಾದ.

1858ರಲ್ಲಿ ನೆರೆಯ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನು ಅಡಗಿಸಿದ ಬ್ರಿಟಿಷರು 1860ರ ಒಪ್ಪಂದದಲ್ಲಿ ಆ ಸಂಸ್ಥಾನವನ್ನು ಹೈದರಾಬಾದಿನ ನಿಜಾಮನಿಗೆ ಬಿಟ್ಟುಕೊಟ್ಟರು. 1865ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ತಂದ ಜಿಲ್ಲಾಬಂದಿ ಎಂಬ ಆಡಳಿತ ಸುಧಾರಣೆಯಿಂದ ಜಿಲ್ಲೆಗೆ ಅವ್ವಲ್ ತಾಲೂಕದಾರ, ತಾಲೂಕಿಗೆ ತಹಶೀಲ್ದಾರ ಎಂಬ ಏರ್ಪಾಡು ಗಟ್ಟಿಯಾಯಿತು. ಜನ ಒಂದೆಡೆ ಸೇರುವುದನ್ನೇ ಶಂಕೆಯಿಂದ ನೋಡಿದ ನಿಜಾಮ ಸರ್ಕಾರ, ಮುಂದೆ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಮೂಲಕ ಸಾರ್ವಜನಿಕ ಸಭೆಗಳಿಗೆ ಮುಂಚಿತ ಅನುಮತಿಯನ್ನು ಕಡ್ಡಾಯ ಮಾಡಿತು. 1938–39ರ ಆರ್ಯ ಸಮಾಜದ ಸತ್ಯಾಗ್ರಹದ ಹಿಂದೆ ಇಂಥ ನಿರ್ಬಂಧಗಳ ವಿರುದ್ಧದ ಸಿಟ್ಟೂ ಇತ್ತು. ಮೊದಲು ಅಪ್ಪಣೆ, ಆಮೇಲೆ ಗುಂಪು: ಈ ಸೀಮೆಗೆ ಆ ರೂಢಿ ಬಿದ್ದದ್ದು ಹೀಗೆ.

ನಿಜಾಮನ ಆಳ್ವಿಕೆ 1948ರಲ್ಲಿ ಕೊನೆಗೊಂಡಿತು. 1956ರಲ್ಲಿ ಹೈದರಾಬಾದ್ ಜಿಲ್ಲಾ ಪುರಸಭೆಗಳ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯೊಂದಿಗೆ ಶಹಾಪುರವೂ ಮೈಸೂರು ರಾಜ್ಯಕ್ಕೆ ಸೇರಿತು. ಬೇರೆ ಬೇರೆ ಪ್ರಾಂತಗಳ ಪುರಸಭಾ ಕಾನೂನುಗಳ ಜಾಗದಲ್ಲಿ 1964ರ ಪುರಸಭೆಗಳ ಕಾಯ್ದೆ ನಿಂತಿತು. ನೀರು, ಚರಂಡಿ, ದೀಪ, ಸಂತೆ ಪುರಸಭೆಯ ಪಾಲಾದವು. ಮನರಂಜನೆ ಮಾತ್ರ ಬೇರೆ ದಾರಿ ಹಿಡಿಯಿತು. ಸಾರ್ವಜನಿಕ ವಿನೋದದ ಸ್ಥಳಗಳಿಗೆ ಪರವಾನಗಿ ಕೊಡುವ, ಅವುಗಳನ್ನು ಹತೋಟಿಯಲ್ಲಿಡುವ ಆದೇಶ ಹೊರಡಿಸುವ ಅಧಿಕಾರವನ್ನು 1963ರ ಪೊಲೀಸ್ ಕಾಯ್ದೆಯ 31ನೇ ಕಲಂ ಪೊಲೀಸ್ ಆಯುಕ್ತರಿಗೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಕೊಟ್ಟಿತು. 1964ರ ಸಿನಿಮಾ ನಿಯಂತ್ರಣ ಕಾಯ್ದೆಯಂತೆ ಟಾಕೀಸಿನ ಲೈಸೆನ್ಸ್ ಕೂಡ ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಯಲ್ಲೇ ಉಳಿಯಿತು. ಅವ್ವಲ್ ತಾಲೂಕದಾರನ ಕುರ್ಚಿಗೆ ಜಿಲ್ಲಾಧಿಕಾರಿ ಬಂದರು. ಅಪ್ಪಣೆ ಕೇಳುವವರು ನಿಲ್ಲುವ ಜಾಗ ಬದಲಾಗಲಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ ತೊಡಕು ಇನ್ನೂ ಆಳವಾಗಿದೆ. ಕೇಂದ್ರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿದವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2010ರ ತಿದ್ದುಪಡಿ ವಾದ್ಯಗಳನ್ನೂ ಇದಕ್ಕೆ ಸೇರಿಸಿತು. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿ 12ರವರೆಗೆ ಮಾತ್ರ, ವಿನಾಯಿತಿ ಕೊಡಬಹುದು. ಈ ಗಡಿಯಾರವನ್ನು ಸಗರನಾಡಿನ, ಅಂದರೆ ಶಹಾಪುರ ಸೀಮೆಯ, ರಾತ್ರಿಗೆ ಹೊಂದಿಸಿ ನೋಡಬೇಕು. ದೊಡ್ಡಾಟ ರಂಗೇರುವುದೇ ಊರು ಉಂಡು ಮಲಗುವ ಹೊತ್ತಿಗೆ, ಮಂಗಳ ಹಾಡುವುದು ಬೆಳಗಿನ ಜಾವಕ್ಕೆ. ಮೊಹರಮ್ಮಿನ ಅಲಾಯಿ ಕುಣಿತದ ಹಲಗಿಯೂ ರಾತ್ರಿಯದೇ. ಎದೆ ನಡುಗಿಸುವ ಡಿಜೆಯನ್ನೂ ಹಲಗಿಯನ್ನೂ ನಿಯಮ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಪರೀಕ್ಷೆಗೆ ಓದುವ ಮಗುವಿಗೂ ಕಾಯಿಲೆಯ ಮುದುಕರಿಗೂ ನಿಶ್ಶಬ್ದ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಓಣಿಯಲ್ಲಿ, ಯಾವ ರಾತ್ರಿ, ಎಷ್ಟು ಹೊತ್ತು ಎಂಬುದನ್ನು ಆ ಓಣಿಯವರೇ ಆರಿಸಿದ ಸದಸ್ಯರು ಕೂತು ಚರ್ಚಿಸುವ ಅವಕಾಶವನ್ನು ಈ ನಿಯಮ ತೆರೆದಿಲ್ಲ. ಜಾರಿಯ ಹೊಣೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಡಿವೈಎಸ್ಪಿ ಮತ್ತು ಅದಕ್ಕೂ ಮೇಲಿನ ಪೊಲೀಸ್ ಅಧಿಕಾರಿಗಳದು.

ಪ್ರಾಣಿಗಳ ಕಥೆ ತುಸು ಬೇರೆ. ಬೆಳೆ ಮೇಯ್ದ ದನವನ್ನು ಕೊಂಡವಾಡಕ್ಕೆ ಹಾಕಿ ದಂಡ ವಸೂಲಿ ಮಾಡುವ ಪದ್ಧತಿ ಹಳೆಯದು. ಆದರೆ ಮನರಂಜನೆ, ಭಕ್ತಿ, ಪ್ರಾಣಿ ಮೂರೂ ಒಂದೆಡೆ ಸೇರುವ ಪ್ರಕರಣಕ್ಕೆ ಯಾದಗಿರಿ ತಾಲೂಕಿನ ಮೈಲಾಪುರಕ್ಕೆ ಹೋಗಬೇಕು. ಅಲ್ಲಿ ಮಕರ ಸಂಕ್ರಾಂತಿಯಂದು ಮೈಲಾರಲಿಂಗೇಶ್ವರನ ಪಲ್ಲಕ್ಕಿಯ ಮೇಲೆ ಭಂಡಾರದ ಜೊತೆಗೆ ಜೀವಂತ ಕುರಿಮರಿಗಳನ್ನು ಎಸೆಯುವ ಹರಕೆಯಿತ್ತು. ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಹರಕೆ ಅದಾದ ಮೇಲೂ ದಶಕಗಳ ಕಾಲ ನಡೆಯಿತು. ಯಾದಗಿರಿ 2010ರಲ್ಲಿ ಜಿಲ್ಲೆಯಾದ ಬಳಿಕ ಜಿಲ್ಲಾಡಳಿತ ನಿಷೇಧ ಹೇರಿ, ದಾರಿಗಳಲ್ಲಿ ತಪಾಸಣೆ ಕೇಂದ್ರ ತೆರೆದು, ಭಕ್ತರು ತಂದ ಮರಿಗಳನ್ನು ವಶಕ್ಕೆ ತೆಗೆದುಕೊಳ್ಳತೊಡಗಿತು. ಆ ಎಳೆಯ ಜೀವಗಳು ನೂಕುನುಗ್ಗಲಿನಲ್ಲಿ ಕಾಲ್ತುಳಿತಕ್ಕೆ ಸಿಗುತ್ತಿದ್ದವು. ನಿಷೇಧ ಬೇಕೇ ಇತ್ತು ಎಂಬುದು ನನ್ನ ಖಚಿತ ನಿಲುವು. ಆದರೂ ಆ ಕೆಲಸ ನಡೆಯುತ್ತಿರುವುದು ಜಾತ್ರೆ ಬಂದಾಗೊಮ್ಮೆ ಹೊರಡುವ ಆದೇಶದ ಬಲದಿಂದ.

ಮನೆಯ ಸಾಕುಪ್ರಾಣಿಗಳ ವಿಷಯದಲ್ಲಿ ರಾಜ್ಯದಲ್ಲಿ ಹೆಚ್ಚು ಸುದ್ದಿಯಾದದ್ದು ಬೆಂಗಳೂರು. ಫ್ಲ್ಯಾಟಿಗೆ ಒಂದೇ ನಾಯಿ ಎಂಬ 2018ರ ಉಪವಿಧಿಗೆ ಎದ್ದ ವಿರೋಧಕ್ಕೆ ಮಣಿದು ಸರ್ಕಾರ ಅದನ್ನು ಹಿಂಪಡೆಯಿತು. ಜನ ಓದಿದರು, ಜಗಳವಾಡಿದರು, ಬದಲಾಯಿಸಿದರು. ಶಹಾಪುರದಂಥ ಊರುಗಳಿಗೆ ಅಂಥ ಅವಕಾಶ ಒದಗಿರುವುದು ಪ್ರಾಣಿಗಳ ವಿಷಯದಲ್ಲಿಯೇ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಸಂತಾನಹರಣದ ಹೊಣೆಯನ್ನು ಮಾಲೀಕರಿಗೂ ಬೀದಿನಾಯಿಗಳದ್ದನ್ನು ಸ್ಥಳೀಯ ಸಂಸ್ಥೆಗೂ ವಹಿಸಿವೆ. ಈ ಹೊಣೆ ಹೊರಲು ಬೇಕಾದ ಪಶುವೈದ್ಯರು, ಹಣ, ಶಸ್ತ್ರಚಿಕಿತ್ಸೆಯ ಜಾಗ ಕೇಳಿ ನಗರಸಭೆ ಠರಾವು ಮಾಡಲು ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿಲ್ಲ.