ಲಸಿಕೆಯೂ ನಮ್ಮ ಹೆಣ್ಣುಮಕ್ಕಳೂ : ಒಂದು ಚಾರಿತ್ರಿಕ ಅವಲೋಕನ

ಯಾವ ಹಳೆಯ ಧರ್ಮಕೇಂದ್ರಕ್ಕೆ ಹೋದರೂ ಗುರುಗಳ ಕಪಾಟಿನಲ್ಲಿ ಎರಡು ದಪ್ಪ ಪುಸ್ತಕಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದು ಜ್ಞಾನಸ್ನಾನದ ದಾಖಲೆ, ಇನ್ನೊಂದು ಮರಣದ ದಾಖಲೆ. ಮೊದಲನೆಯದರಲ್ಲಿ ಬರೆದ ಹೆಸರು ಎರಡು ಮೂರು ವರ್ಷಗಳೊಳಗೆ ಎರಡನೆಯದರಲ್ಲಿಯೂ ಕಾಣಿಸಿಕೊಳ್ಳುವುದು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಈ ಶತಮಾನೋತ್ಸವದ ಸಂಚಿಕೆಯಲ್ಲಿ ದೇವಾಲಯದ ಕಟ್ಟಡದ ಕಥೆಯನ್ನು ಬಲ್ಲವರು ಬರೆಯುವರು. ಆ ಕಟ್ಟಡದೊಳಗೆ ಬೆಳೆದ ಮಕ್ಕಳು ಬದುಕಿ ಉಳಿದುದು ಹೇಗೆಂಬ ಕಥೆಯನ್ನು ಅರುಹುವುದು ನನ್ನ ಉದ್ದೇಶ.

ಇದಕ್ಕೆ ಕಾರಣವೂ ಉಂಟು. ಹಿಂದೊಮ್ಮೆ ಭಾನುವಾರದ ಬಲಿಪೂಜೆಯ ತರುವಾಯ ಹಲಗೇರಿಯ ಕಡೆಯ ದಂಪತಿಗಳು ನನ್ನನ್ನು ತಡೆದು, "ಫಾದರ್, ಮಗಳು ಸಣ್ಣಾಕಿದ್ದಾಗ ಎಲ್ಲಾ ಸೂಜಿ ಹಾಕಿಸೇವ್ರಿ. ಈಗ ಹತ್ತು ವರ್ಷಕ್ಕ ಮತ್ತ ಯಾಕ್ರಿ? ಗಂಡು ಹುಡುಗ ಹೊರಗ ಅಡ್ಡಾಡ್ತಾನ, ಅವನಿಗೆ ಹಾಕಿಸೇವಿ. ಆಕಿ ಮನಿಯಾಗ ಇರ್ತಾಳಲ್ರಿ" ಎಂದರು. ಅವರ ಮಾತಿನಲ್ಲಿ ನಿಷ್ಕಾಳಜಿಯಿರಲಿಲ್ಲ, ತಿಳಿಯದ ಸಂದೇಹವಿತ್ತು. ಅಂದು ನಾನು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಪೂರ್ಣ ಉತ್ತರ ಇತಿಹಾಸದಲ್ಲಿದೆ.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಆ ಲಸಿಕೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸಾಗುತ್ತ ಮುಂಬಯಿಯನ್ನು ತಲುಪಿತು. 1802ರ ಜೂನ್ 14ರಂದು ಭಾರತದಲ್ಲಿ ಮೊಟ್ಟಮೊದಲು ಅದನ್ನು ಯಶಸ್ವಿಯಾಗಿ ಪಡೆದವಳು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು. ಆಕೆಯ ತೋಳಿನಿಂದ ತೆಗೆದ ಲಸಿಕೆ ಬೇರೆ ಮಕ್ಕಳಿಗೆ ದಾಟಿ, ಮುಂದೆ ದೇಶದ ಇತರ ಭಾಗಗಳಿಗೆ ಹರಡಿತು. ಒಬ್ಬ ಪುಟ್ಟ ಹೆಣ್ಣುಮಗಳು ದೇಶಕ್ಕೇ ಆರೋಗ್ಯದ ಬಾಗಿಲನ್ನು ತೆರೆದಳು.

ಕನ್ನಡ ನಾಡಿನಲ್ಲಿ ಈ ಕಾರ್ಯಕ್ಕೆ ರಾಜಕುಟುಂಬದ ಸ್ತ್ರೀಯರೇ ಮುಂದಾದರು. ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪತಿ ಸಿಡುಬಿಗೆ ಬಲಿಯಾಗಿದ್ದರು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ವಧುವಾಗಿ 1805ರಲ್ಲಿ ಅರಮನೆಗೆ ಬಂದ ದೇವಾಜಮ್ಮಣ್ಣಿ ಲಸಿಕೆ ಪಡೆದರು. ದಿವಾನ್ ಪೂರ್ಣಯ್ಯನವರು ಈ ಸುದ್ದಿಯನ್ನು ಜನರಿಗೆ ಸಾರಿದರು. ಅದೇ ಕಾಲದಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಆಕೆಯೇ ದೇವಾಜಮ್ಮಣ್ಣಿ, ಆ ತೋಳು ಲಸಿಕೆಯ ಗುರುತಿನದೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಅಂತಃಪುರದ ಹೆಣ್ಣುಮಗಳಿಗೆ ಲಸಿಕೆ ಬೇಕಾದರೆ, ಮನೆಯೊಳಗಿರುವ ನಮ್ಮ ಮಗಳಿಗೆ ಬೇಡವೆನ್ನುವುದೆಂತು?

ಇನ್ನು ನಮ್ಮ ಸೀಮೆಯ ಮಾತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ಮೊದಲು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಸಿಡುಬಿನ ಲಸಿಕೆಗೆ ನಮ್ಮ ಹಿರಿಯರು 'ದೇವಿ ಹಾಕಿಸುವುದು' ಎನ್ನುತ್ತಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಗಂಟುಬೇನೆ, ಎಂದರೆ ಪ್ಲೇಗು, ಉಗ್ರರೂಪ ತಾಳಿತು. ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ವೈದ್ಯಾಧಿಕಾರಿ ಲ್ಯೂಮನ್ನರ ಮೇಲ್ವಿಚಾರಣೆಯಲ್ಲಿ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಅದನ್ನು ಪಡೆದರು. ಒಂದು ಚುಚ್ಚುಮದ್ದಿನಿಂದ ತೃಪ್ತರಾಗದೆ ಎರಡನೆಯದನ್ನೂ ಹಾಕಿಸಿಕೊಂಡವರು ಬಹು ಮಂದಿ. ಹೀಗೆ, 'ಮತ್ತೊಮ್ಮೆ ಯಾಕೆ?' ಎಂಬ ಪ್ರಶ್ನೆಯನ್ನು ನಮ್ಮ ನೆರೆಯವರು ಒಂದು ಶತಮಾನಕ್ಕೂ ಹಿಂದೆಯೇ ಎದುರಿಸಿದ್ದರು.

ಮತ್ತೊಮ್ಮೆ ಯಾಕೆ? ಒಮ್ಮೆ ಹಾಕಿದ ಲಸಿಕೆ ಜೀವಮಾನವೆಲ್ಲ ಕಾಯುವುದೆಂದು ಜೆನ್ನರ್ ನಂಬಿದ್ದನು. ಅನುಭವ ಬೇರೆ ಪಾಠವನ್ನು ಕಲಿಸಿತು. ಬಾಲ್ಯದಲ್ಲಿ ಲಸಿಕೆ ಪಡೆದವರಿಗೂ ವರ್ಷಗಳು ಕಳೆದ ಮೇಲೆ ಸಿಡುಬು ತಗಲುತ್ತಿತ್ತು. ಆದುದರಿಂದ ಜರ್ಮನಿಯು 1874ರಲ್ಲಿ ಹನ್ನೆರಡನೆಯ ವಯಸ್ಸಿನಲ್ಲಿ ಮರಳಿ ಲಸಿಕೆ ಹಾಕಿಸಬೇಕೆಂದು ಕಾನೂನು ಮಾಡಿತು. ಬಾಲ್ಯದಲ್ಲಿ ಕಲಿತ ಪ್ರಾರ್ಥನೆಯನ್ನು ಆಗಾಗ ಹೇಳದಿದ್ದರೆ ನಾಲಿಗೆ ತಡವರಿಸುವಂತೆ, ಶರೀರವೂ ಕಲಿತ ರಕ್ಷಣೆಯನ್ನು ಕ್ರಮೇಣ ಮರೆಯುತ್ತದೆ. ಮರುಲಸಿಕೆಯು ಅದನ್ನು ನೆನಪಿಸುತ್ತದೆ.

ಭಯಪಡುವವರನ್ನು ನಾನು ಜರೆಯುವುದಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಪ್ಲೇಗಿನ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ದೋಷವು ಲಸಿಕೆಯದಲ್ಲ, ಆ ಬಾಟಲಿಯಲ್ಲಿ ಸೇರಿದ ಕಲ್ಮಶದ್ದು. ಹಾಫ್‌ಕಿನ್ ಮೇಲಿನ ಕಳಂಕ ತೊಲಗಲು ಐದು ವರ್ಷಗಳು ಬೇಕಾದವು. ಇಂದು ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸುವ ನಿಯಮವಿದೆ. ಸೂಜಿಯ ನಂತರ ತೋಳು ನೋಯಬಹುದು, ಒಂದೆರಡು ದಿನ ಜ್ವರ ಬರಬಹುದು. ತೀವ್ರ ತೊಂದರೆ ಬಹು ವಿರಳ. ಸಂದೇಹವಿದ್ದರೆ ವೈದ್ಯರನ್ನು ಕೇಳಬೇಕು, ಗಾಳಿಸುದ್ದಿಯನ್ನಲ್ಲ.

ಸಿಡುಬು ಲೋಕದಿಂದಲೇ ಅಳಿಯಿತೆಂದು 1980ರಲ್ಲಿ ಘೋಷಣೆಯಾಯಿತು. ಆದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳು ಅಳಿದಿಲ್ಲ. ಸರ್ಕಾರದ ಪಟ್ಟಿಯಂತೆ ಈ ಮೂರನ್ನು ತಡೆಯುವ ಲಸಿಕೆಯ ಮರುಚುಚ್ಚು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಒಮ್ಮೆ, ಐದಾರು ವರ್ಷಕ್ಕೆ ಇನ್ನೊಮ್ಮೆ. ಬಳಿಕ ಹತ್ತಕ್ಕೂ ಹದಿನಾರಕ್ಕೂ ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ. ನಮ್ಮ ದೇಶದಲ್ಲಿ ಈಗ ಗಂಟಲುಮಾರಿಗೆ ತುತ್ತಾಗುವವರಲ್ಲಿ ಐದು ವರ್ಷ ಮೀರಿದ ಮಕ್ಕಳೇ ಹೆಚ್ಚು. ಮರುಚುಚ್ಚನ್ನು ತಪ್ಪಿಸಿಕೊಂಡುದು ಇದಕ್ಕೆ ಮುಖ್ಯ ಕಾರಣ.

ಧನುರ್ವಾಯುವಂತೂ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅದು ಮಣ್ಣಿನಲ್ಲಿ, ಸಗಣಿಯಲ್ಲಿ ಅಡಗಿರುತ್ತದೆ. ಆದಕಾರಣ ಅಣ್ಣನಿಗೆ ಹಾಕಿಸಿದ ಸೂಜಿ ತಂಗಿಯನ್ನು ಕಾಯದು. ದನದ ಕೊಟ್ಟಿಗೆ ಬಳಿಯುವವಳು, ಮೆಣಸಿನಕಾಯಿ ಹೊಲದಲ್ಲಿ ಕಳೆ ಕೀಳುವವಳು ಮಗಳಲ್ಲವೇ? ಮುಂದೆ ತಾಯಿಯಾಗುವವಳೂ ಅವಳೇ. ತಾಯಿಯ ರಕ್ತದ ರಕ್ಷಣೆ ಹಸುಗೂಸಿಗೂ ಒದಗುತ್ತದೆ. ನಮ್ಮ ಕಡೆ ಗೊಬ್ಬರವೆನ್ನುವ ದಡಾರದ ಜೊತೆಗೆ ರುಬೆಲ್ಲಾಕ್ಕೂ ಲಸಿಕೆ ಕೊಡುವ ಅಭಿಯಾನ 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಆರಂಭವಾಯಿತು. ಅದನ್ನು ಹಾಕಿಸಿದರೆ ಮಕ್ಕಳಾಗವು ಎಂಬ ಸುಳ್ಳು ಆಗ ದೇಶದ ಹಲವೆಡೆ ಹರಡಿತ್ತು. ಸತ್ಯ ತದ್ವಿರುದ್ಧವಾಗಿದೆ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಮಗು ಕುರುಡಾಗಬಹುದು, ಕಿವುಡಾಗಬಹುದು, ಹೃದಯದೋಷ ಹೊಂದಬಹುದು. ಅದನ್ನು ತಡೆಯಲೆಂದೇ ಈ ಲಸಿಕೆ.

ಕೆಲವರು ಇದು ಧರ್ಮಕ್ಕೆ ಒಪ್ಪುವುದೇ ಎಂದು ಕೇಳುವರು. ಕೆಲವು ಲಸಿಕೆಗಳ ತಯಾರಿಕೆಯ ಮೂಲದ ಕುರಿತು ಎದ್ದ ನೈತಿಕ ಪ್ರಶ್ನೆಯನ್ನು ಧರ್ಮಸಭೆ ಲಘುವಾಗಿ ಕಂಡಿಲ್ಲ. ಅದನ್ನು ವಿಚಾರಿಸಿದ ಮೇಲೆಯೇ, ಜೀವಪರ ಪೋಪ್ ಪೀಠದ ಅಕಾಡೆಮಿಯು 2017ರಲ್ಲಿ ಈ ಲಸಿಕೆಗಳನ್ನು ನಿರಾತಂಕವಾಗಿ ಬಳಸಬಹುದೆಂದೂ, ಇತರರ ರಕ್ಷಣೆಗಾಗಿ ಲಸಿಕೆ ಹಾಕಿಸುವುದು ನೈತಿಕ ಹೊಣೆಯೆಂದೂ ತಿಳಿಸಿತು.

ಭಾರತದ ಕಟ್ಟಕಡೆಯ ಸಹಜ ಪೋಲಿಯೋ ರೋಗಿ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾದಲ್ಲಿ ಪತ್ತೆಯಾಯಿತು. ಅದೂ ಒಂದು ಹೆಣ್ಣುಮಗು. ಆ ಮಗುವಿಗೆ ಲಸಿಕೆ ಹಾಕಿಸಿರಲಿಲ್ಲ. ಮೊದಲ ಲಸಿಕೆ ಪಡೆದವಳೂ ಹೆಣ್ಣುಮಗು, ಲಸಿಕೆ ತಪ್ಪಿ ಕೊನೆಯ ನೋವುಂಡವಳೂ ಹೆಣ್ಣುಮಗು.

ಆ ದಂಪತಿಗಳು ಮುಂದಿನ ವಾರ ಮಗಳನ್ನು ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿಬಂದರು. "ತೋಳು ನೋಯ್ತೈತ್ರಿ ಫಾದರ್" ಎಂದು ಹುಡುಗಿ ನಕ್ಕಳು. ಪ್ರಿಯ ಭಕ್ತಾದಿಗಳೇ, ನಿಮ್ಮ ಮನೆಯ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿರಿ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಮಗನ ಸಾಲು ತುಂಬಿದ್ದು ಮಗಳ ಸಾಲು ಖಾಲಿಯಿದ್ದರೆ ಅದನ್ನು ತುಂಬಿಸಿರಿ. ನಮ್ಮ ಎರಡನೆಯ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆಯುವ ದಿನ ಯಾವ ಗುರುವಿಗೂ ಬಾರದಿರಲೆಂದು ಪ್ರಾರ್ಥಿಸುತ್ತೇನೆ.